ಇಸ್ತ್ರಿ ಮೇಜಿನ ಮುಂದೆ ಓದಿದ ಅಧ್ಯಾಯ

ಹೆಸರಾಂತ ಕಾದಂಬರಿಕಾರರೊಬ್ಬರು ಬಾಳಿದ ಹಳೆಯ ಬೀದಿಗಳಲ್ಲಿ ಪ್ರವಾಸಿಗರನ್ನು ನಡೆಸಿ ತೋರಿಸುವ ಗೈಡ್ ನನಗೆ ಹೇಳಿದ ಸಂಗತಿಯಿದು. ಆ ನಡಿಗೆಯಲ್ಲಿ ನಾಲ್ಕನೆಯದಾಗಿ ನಿಲ್ಲುವ ಜಾಗ ಒಂದು ಇಸ್ತ್ರಿ ಅಂಗಡಿ. ಕಾದಂಬರಿಕಾರರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ ಅಜ್ಜಿ ಈಗಲೂ ಅಲ್ಲಿದ್ದಾರೆ. "ಅವರು ತಮ್ಮ ಕಾದಂಬರಿಯ ಮೊದಲ ಅಧ್ಯಾಯ ಓದಿ ಹೇಳಿದ್ದು ಈ ಅಜ್ಜಿಗೇ. ಕೇಳಿ ಅಜ್ಜಿ ಅತ್ತುಬಿಟ್ರು" ಎಂದು ಗೈಡ್ ಹನ್ನೆರಡು ವರ್ಷಗಳಿಂದ ಹೇಳುತ್ತಿದ್ದರು. ಅಜ್ಜಿ ಹೇಳಿದ್ದ ನಿಜ ಸಂಗತಿ ಸಪ್ಪೆಯೆನಿಸಿ, ಗೈಡ್ ತಾವೇ ಹೊಸೆದ ಕಥೆ ಅದು.

ಮೊನ್ನೆ ಪ್ರವಾಸಿಯೊಬ್ಬಳು ಅದು ನಿಜವೇ ಎಂದು ಅಜ್ಜಿಯನ್ನೇ ಕೇಳಿದಳು. ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕಣ್ಣೊರೆಸಿಕೊಂಡು, ಅದೇ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು.

ಪ್ರವಾಸಿಗರು ಮುಂದೆ ಹೋದ ಮೇಲೆ ಗೈಡ್ ಮೆಲ್ಲಗೆ, "ಅಜ್ಜಿ, ಇದು ನಾನು ಕಟ್ಟಿದ್ದು. ಮೊದಲ್ನೇ ದಿನ ನೀವು ಬೇರೆ ಏನೋ ಹೇಳಿದ್ರಲ್ಲ?" ಎಂದರು.

"ಹೋಗೋ ತರಲೆ! ನನ್ ಕಣ್ಣೀರನ್ನೂ ನೀನೇ ಕಟ್ಟಿದ್ಯಾ? ಬೇರೆ ಏನ್ ಹೇಳಿದ್ದೆ, ನೀನೇ ನೆನಪು ಮಾಡು ನೋಡೋಣ."

ಗೈಡ್‌ಗೆ ಅದರಲ್ಲಿ ಒಂದು ಮಾತೂ ನೆನಪಾಗಲಿಲ್ಲ. ಅಂದು ಅಜ್ಜಿ ಅರ್ಧ ಗಂಟೆ ಹೇಳಿದ್ದರು. ಇವರು ಹೂಂಗುಟ್ಟುತ್ತ ಗಡಿಯಾರ ನೋಡುತ್ತಿದ್ದರು.

"ಆ ನಿಜ ಸಂಗತೀನ ಕೇಳಿದವನು ನಾನೊಬ್ಬನೇ, ಸ್ವಾಮಿ" ಎಂದು ನನ್ನೆದುರು ಎರಡು ಸಲ ಹೇಳಿದರು.