ಎಲ್ಲರಿಗೂ ಹೇಳಿದ್ದೆ

ಬೆಳಗಿನ ಹಾಲಿನ ಹೊತ್ತಿಗೆ ಆ ಕೊಪ್ಪಲಿನಲ್ಲಿ ಇನ್ನೂ ಮಲಗಿರುವವರೆಂದರೆ ಎಳೆಗೂಸುಗಳು ಮತ್ತು ಹಿಂದಿನ ರಾತ್ರಿ ಕುಡಿದವರು ಮಾತ್ರ. ಉಳಿದವರೆಲ್ಲ ಕ್ಯಾನು ಹಿಡಿದು ಡೈರಿ ಮುಂದೆ ನಿಂತಿರುತ್ತಿದ್ದರು. ಕಿರುಗಾವಲಿನ ಮಗ್ಗುಲಿನ ಆ ಊರಿನಲ್ಲಿ ಡೈರಿಗೆ ಸ್ವಂತ ಕಟ್ಟಡವಿರಲಿಲ್ಲ. ಪಂಚಾಯಿತಿಯ ಹಳೇ ಕಟ್ಟಡದ ಅರ್ಧವನ್ನು ಅದು ಬಾಡಿಗೆಗೆ ಹಿಡಿದಿತ್ತು. ಇನ್ನರ್ಧದಲ್ಲಿ ಪಂಚಾಯಿತಿ ಕಚೇರಿ. ಜಗಲಿ ಒಂದೇ, ಮುಂಬಾಗಿಲೂ ಒಂದೇ. ಮಳೆಗಾಲದಲ್ಲಿ ಸೋರುವುದರಲ್ಲೂ ಇಬ್ಬರದು ಸಮಪಾಲು.

ಡೈರಿಯ ಸೆಕ್ರೆಟರಿ ಸ್ವಾಮಿ ಮೆದು ಮನುಷ್ಯ. ಯಾರ ಮೇಲೂ ದನಿ ಎತ್ತಿದವನಲ್ಲ, ಯಾರ ಜಗಳದಲ್ಲೂ ತಲೆ ಹಾಕಿದವನಲ್ಲ. ಊರಿಗೆ ಇಂಥವರನ್ನು ಕಂಡರೆ ಬಲು ಇಷ್ಟ. ಇಂಥವರಿಂದ ಯಾವುದೂ ಬದಲಾಗುವುದಿಲ್ಲವಲ್ಲ, ಅದಕ್ಕೆ.

ಮುಂದಿನ ಸಾಲಿನಲ್ಲಿ ದಿನವೂ ಮೊದಲು ನಿಲ್ಲುವವಳು ಅವನ ತಾಯಿ ಚಿಕ್ಕಬೋರಮ್ಮ. ಅವಳಾದ ಮೇಲೆ ಊರಿನ ಉಳಿದ ಗೌಡರ ಮನೆಯವರು. ಆ ಸಾಲು ಪೂರ್ತಿ ಕರಗಿದ ಮೇಲೆ ಸ್ವಾಮಿ ಹಿಂದುಗಡೆಯ ಕಿಟಕಿ ತೆಗೆಯುತ್ತಿದ್ದ. ಊರಾಚೆಯ ಕಾಲೊನಿಯ ಹೆಂಗಸರು ಅಲ್ಲಿಂದ, ಕಂಬಿಗಳ ಸಂದಿಯಲ್ಲಿ ಇಟ್ಟ ಲಾಳಿಕೆಗೆ ಹಾಲು ಹುಯ್ಯಬೇಕು. ಈ ಹಾಲೂ ಆ ಹಾಲೂ ಬೀಳುತ್ತಿದ್ದದ್ದು ಒಂದೇ ದೊಡ್ಡ ಕ್ಯಾನಿಗೆ. ಬಿದ್ದ ಮೇಲೆ ಯಾವುದು ಯಾವ ಕೇರಿಯದೆಂದು ಸ್ವಾಮಿಗೆ ತಿಳಿಯುತ್ತಿರಲಿಲ್ಲ, ಕ್ಯಾನು ಒಯ್ಯುವ ಲಾರಿಯವನಿಗೆ ಬೇಕಿರಲೂ ಇಲ್ಲ. ಈ ಏರ್ಪಾಡನ್ನು ಮಾಡಿದವರು ಯಾರು ಎಂದು ಕೇಳಿದರೆ ಊರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಕಿಟಕಿಯ ಮುಂದೆ ಮೊದಲು ಕಾಣುವ ಮುಖ ದೇವಿರಮ್ಮನದು. ಸ್ವಾಮಿ ಅಂಗಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿ ಅವರ ಗದ್ದೆಗೆ ಕೂಲಿಗೆ ಬರುತ್ತಿದ್ದವಳು. ಅವನು ಅತ್ತಾಗ ಸೊಂಟಕ್ಕೆ ಏರಿಸಿಕೊಂಡು ನಾಲೆ ಏರಿಯ ಮೇಲೆ ಓಡಾಡಿಸಿದವಳು. ಈಗ ಅವಳಿಗೊಂದು ಸೀಮೆಹಸು. ಅದರ ಹಾಲಿನ ಮೇಲೆ ಅವಳಿಗೆ ಇನ್ನಿಲ್ಲದ ಜಂಬ.

"ಫ್ಯಾಟು ಎಸ್ಟು ಬಂತು ಸ್ವಾಮಪ್ಪ?"

"ಚೀಟಿ ಕೊಡ್ತೀನಿ, ನೀನೇ ಓದ್ಕೊ."

ಸೊಸೆ ಶೋಭಿತಾ ಮನೆಗೆ ಬಂದ ಮೇಲೆ ದೇವಿರಮ್ಮ ಅಕ್ಷರ ಕಲಿತಿದ್ದಳು. ಫ್ಯಾಟು ಅಳೆಯುವ ಯಂತ್ರದಿಂದ ಬಂದ ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಓದಿಕೊಂಡು, ಆಮೇಲೆ ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. "ಮಿಸಿನ್ನು ಜಾಣ ಕಣಪ್ಪ, ನನ್ನೆಸ್ರು ಒಂದಿನಾನೂ ತಪ್ಪು ಬರ್ದಿಲ್ಲ" ಎಂದು ನಗುತ್ತಿದ್ದಳು.

ಕಟ್ಟಡದ ದುರಸ್ತಿಗೆ ಮಂಜೂರಾತಿ ಬಂದಾಗ ಪಂಚಾಯಿತಿ ಅಧ್ಯಕ್ಷ ರಾಜೇಂದ್ರ ನಕ್ಷೆ ಸುತ್ತಿಕೊಂಡು ಡೈರಿಗೆ ಬಂದ. ಇಬ್ಬರೂ ಒಟ್ಟಿಗೆ ಓದಿದವರು.

"ನೋಡ್ಲಾ ಸ್ವಾಮಿ, ತಾರಸಿ, ನೆಲ, ಇಂದ್ಗಡೆ ಎರಡು ಕಕ್ಕಸು. ನೀವು ಬಾಡಿಗೇಲಿರೋರು, ನಿಮ್ಗೆ ತೊಂದ್ರೆ ಆಗಬಾರ್ದು. ಬೆಳಿಗ್ಗೆ ಆಲು ಮುಗ್ದ ಮ್ಯಾಕೆ ಸುರು ಮಾಡಿ ಸಂಜೆ ಆಲಿಗೆ ನಿಲ್ಸ್‌ಬುಡ್ತೀವಿ. ಒಂದೇ ಒಂದು, ಇಂದ್ಗಡೆ ಕಿಟ್ಕಿ ಮುಚ್ಚೋಯ್ತದೆ. ಕಕ್ಕಸಿನ ಗೋಡೆ ಅಲ್ಲಿಗೇ ಬತ್ತದೆ."

ಕ್ಯಾನು ತೊಳೆಯುತ್ತಿದ್ದ ಸ್ವಾಮಿಯ ಕೈ ನಿಂತಿತು. "ಅಂಗಾರೆ ಕಾಲೊನಿಯೋರು?"

"ಮುಂದ್ಗಡೆಯಿಂದ ಬರ್ಲಿ. ಸರ್ಕಾರಿ ಕಟ್ಟಡ ಕಣ್ಲಾ ಇದು. ಬ್ಯಾಡ ಅನ್ನಕೆ ಯಾವನಿಗೆ ಅಧಿಕಾರ ಅದೆ?"

"ಅಧಿಕಾರ ಇಲ್ಲ, ಬಾಯಿ ಅದಲ್ಲ. ಮೊದ್ಲು ನಮ್ಮವ್ವನೇ ಕ್ಯಾನು ಎತ್ಕೊಂಡು ಓಯ್ತಾಳೆ. ಅವಳಿಂದೆ ಅರ್ಧ ಊರು ಓಯ್ತದೆ. ಆಮೇಲೆ ಡೈರಿಗೆ ಬೀಗ ಜಡ್ಕೊಂಡು ಕೂತ್ಕಬೇಕು ನಾನು."

ರಾಜೇಂದ್ರ ಗಲ್ಲ ಕೆರೆದುಕೊಂಡ. ಅವನಿಗೂ ಚುನಾವಣೆ ಹತ್ತಿರವಿತ್ತು. ಕಾನೂನಿನ ಮಾತು ಆಡಿಯಾಗಿತ್ತು, ಆಡಿದ್ದೇನೆ ಎಂಬ ಸಮಾಧಾನವೂ ಸಿಕ್ಕಿತ್ತು.

"ಏನ್ ಮಾಡನ ಅಂತೀಯ?"

"ಕಿಟ್ಕಿ ಇರ್ಲಿ ಬುಡು. ಕಕ್ಕಸು ಅತ್ಲಾಗೆ ಸರ್ಸು, ಗುಂಡಿ ಕಿಟ್ಕಿ ಮುಂದ್ಕೆ ಬರ್ಲಿ, ಮ್ಯಾಲೆ ಮುಚ್ಚಳ ಬತ್ತದಲ್ಲ. ಅವರ್ಗೂ ಅಲ್ಲೇ ಅಭ್ಯಾಸ ಆಗೋಗದೆ. ದೇವಿರಮ್ಮನೇ ಅಂದಿದ್ಲು, ನಮ್ಗೆ ಇಲ್ಲೇ ಸಲೀಸು ಅಂತ."

ಅವಳು ಹಾಗೆ ಅಂದದ್ದು ನಿಜ. ಒಂದು ಮಳೆಯ ದಿನ, ನೆನೆಯಬೇಡ, ಮುಂದೆ ಜಗಲಿಗೆ ಬಾ ಎಂದು ಸ್ವಾಮಿ ಕರೆದಿದ್ದ. ಗೋಡೆಯ ಅಂಚಿನವರೆಗೆ ಬಂದ ದೇವಿರಮ್ಮ ಜಗಲಿಯ ಮೇಲೆ ನಿಂತಿದ್ದವರನ್ನು ಒಮ್ಮೆ ನೋಡಿ, "ನಂಗೆ ಇಲ್ಲೇ ಸಲೀಸು ಕಣಪ್ಪ" ಎಂದು ಹಿಂದಕ್ಕೆ ಹೋಗಿದ್ದಳು. ಸ್ವಾಮಿ ಅವಳ ಮಾತನ್ನು ಮಾತ್ರ ಇಟ್ಟುಕೊಂಡಿದ್ದ.

ಕೆಲಸ ಸುಸೂತ್ರವಾಗಿ ನಡೆಯಿತು. ಪಂಚಾಯಿತಿಯವರು ತಾರಸಿ ಒಡೆದಾಗ ಡೈರಿಯವರು ಯಂತ್ರವನ್ನು ಆಚೆ ಕೋಣೆಗೆ ಸಾಗಿಸಿದರು. ಡೈರಿಯ ನೆಲ ಹಾಕಿಸಿದಾಗ ಪಂಚಾಯಿತಿಯವರು ತಮ್ಮ ಮೇಜು ಸರಿಸಿ ಜಾಗ ಕೊಟ್ಟರು. ಒಂದು ದಿನವೂ ಹಾಲು ನಿಲ್ಲಲಿಲ್ಲ. ಬಾಡಿಗೆಗಿರುವವರೂ ಮನೆಯೊಡೆಯರೂ ಹೀಗಿರಬೇಕು ಎಂದು ಊರಿನವರು ಇಬ್ಬರನ್ನೂ ಹೊಗಳಿದರು.

ಉಳಿದದ್ದು ಕಕ್ಕಸಿನ ಗುಂಡಿ. ಅಗೆಯುವ ಯಂತ್ರ ಬೇರೆ ಊರಿನ ಕೆಲಸ ಮುಗಿಸಿಕೊಂಡು ಸಂಜೆಯ ಹಾಲಾದ ಮೇಲೆ ಬರುವುದೆಂದು ಗೊತ್ತಾಯಿತು. ಸ್ವಾಮಿ ಅಚ್ಚುಕಟ್ಟಿನ ಮನುಷ್ಯ. ದೊಡ್ಡ ಹಾಳೆಯ ಮೇಲೆ ದುಂಡಾಗಿ ಬರೆದ: 'ಎಲ್ಲರ ಗಮನಕ್ಕೆ. ಕಟ್ಟಡದ ಹಿಂಭಾಗದಲ್ಲಿ ಗುಂಡಿ ತೆಗೆಯಲಾಗುತ್ತಿದೆ. ಯಾರೂ ಆ ಕಡೆ ಓಡಾಡಬಾರದು.' ಅದನ್ನು ಮುಂಬಾಗಿಲ ಪಕ್ಕ ಅಂಟಿಸಿದ. ಆ ಸಂಜೆ ಸಾಲಿನಲ್ಲಿದ್ದವರಿಗೆ ಬಾಯಲ್ಲೂ ಹೇಳಿದ. ಕಟ್ಟಡದ ಹಿಂದೆ ಗಾಡಿ ನಿಲ್ಲಿಸುವ ಹುಡುಗರನ್ನು ಹೆಸರು ಹಿಡಿದು ಎಚ್ಚರಿಸಿದ.

ಆಮೇಲೆ ಹಿಂದಿನ ಕಿಟಕಿ ತೆಗೆದ. ದೇವಿರಮ್ಮ ಹಾಲು ಹುಯ್ದಳು. ಹಸು ಗಬ್ಬ ನಿಂತಿದೆ ಎಂದಳು. ಹೆಣ್ಣುಗರು ಹಾಕಿದರೆ ಮಾರುವುದಿಲ್ಲ, ಮನೆಗೇ ಇಟ್ಟುಕೊಳ್ಳುತ್ತೇನೆ ಎಂದಳು. ಸ್ವಾಮಿ ಹಿಂಡಿ ಬೂಸದ ಬಗ್ಗೆ ಒಂದೆರಡು ಮಾತು ಹೇಳಿದ. ಅವಳು ಚೀಟಿ ಓದಿಕೊಂಡು, ಸೆರಗಿಗೆ ಕಟ್ಟಿಕೊಂಡು, "ಬತ್ತೀನಿ ಸ್ವಾಮಪ್ಪ" ಎಂದು ಹೋದಳು. ಅವನು ಕಿಟಕಿ ಮುಚ್ಚಿದ.

ಗುಂಡಿ ತೆಗೆದು, ಸಿಮೆಂಟಿನ ರಿಂಗು ಇಳಿಸಿ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಅಡ್ಡಕ್ಕೆ ಏನಾದರೂ ಇಡಲೇ ಎಂದು ಯಂತ್ರದವನು ಕೇಳಿದ.

"ಬ್ಯಾಡ ಬುಡಪ್ಪ, ಎಲ್ಲಾರ್ಗೂ ಯೋಳಿವ್ನಿ" ಎಂದ ಸ್ವಾಮಿ. ಬೆಳಿಗ್ಗೆ ಕಿಟಕಿ ತೆಗೆಯುವ ಮುಂಚೆ ಎರಡು ಹಲಗೆ ಹಾಕಿಸಿದರಾಯಿತು ಎಂದುಕೊಂಡ. ಕಿಟಕಿ ತೆಗೆದಾಗ ಕಾಲೊನಿಯವರು ಅಲ್ಲಿರುತ್ತಿದ್ದರು. ತೆಗೆಯುವ ಮೊದಲು, ಮುಂದಿನ ಸಾಲು ಮುಗಿಯುವವರೆಗೆ, ಅವರು ಎಲ್ಲಿ ನಿಂತು ಕಾಯುತ್ತಾರೆ ಎಂಬುದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನ ತಲೆಗೆ ಬಂದಿರಲಿಲ್ಲ.

ಮರುದಿನ ದಟ್ಟ ಮಂಜು. ಬೀದಿ ದೀಪವೂ ಉರಿಯುತ್ತಿರಲಿಲ್ಲ. ಸ್ವಾಮಿ ತಾಯಿಯ ಹಾಲು ಅಳೆಯುತ್ತಿದ್ದಾಗ ಹಿಂದುಗಡೆ ಕ್ಯಾನು ಬಡಿದ ಸದ್ದು ಕೇಳಿತು. ಅದರ ಹಿಂದೆಯೇ ಒಂದು ನರಳು.

ಅವನು ಓಡಿ ಕಿಟಕಿ ತೆಗೆದ. ಕಂಬಿ ಹಿಡಿದು ಕೂಗಿದ. ಕಂಬಿಯ ಆಚೆಗೆ ಕತ್ತಲು, ಅದರೊಳಗಿಂದ ಅದೇ ನರಳು. ಅಲ್ಲಿಂದ ಹೊರಗೆ ಹೋಗಲು ದಾರಿಯಿರಲಿಲ್ಲ. ಸಾಲು ಸೀಳಿಕೊಂಡು, ಜಗಲಿ ಇಳಿದು, ಇಡೀ ಕಟ್ಟಡ ಸುತ್ತಿ ಅವನು ಗುಂಡಿಯೊಳಕ್ಕೆ ಇಳಿದಾಗ ದೇವಿರಮ್ಮ ರಿಂಗಿನ ಅಂಚಿಗೆ ತಲೆ ಕೊಟ್ಟು ಬಿದ್ದಿದ್ದಳು. ಅವನು ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಕೈಗೆ ಬಿಸಿಯಾದದ್ದು ಹತ್ತಿತು, ಹಾಲೋ ರಕ್ತವೋ ಕತ್ತಲಲ್ಲಿ ತಿಳಿಯಲಿಲ್ಲ.

"ಆಲು ಚೆಲ್ಲೋಯ್ತಲ್ಲ ಸ್ವಾಮಪ್ಪ" ಎಂದಳು ಅವಳು. ತಪ್ಪು ಮಾಡಿದವಳ ದನಿಯಲ್ಲಿ ಅಂದಳು.

ಮಳವಳ್ಳಿಯಲ್ಲಿ ಆಗುವುದಿಲ್ಲ ಎಂದರು. ಮಂಡ್ಯಕ್ಕೆ ಒಯ್ದರು. ಅವಳ ಮಗ ಮಹದೇವು ಹೊಳೆದಂಡೆಯ ಬ್ಲಫಿನ ಪವರ್ ಸ್ಟೇಷನ್ನಿನಲ್ಲಿ ಪಾಳಿಯ ಮೇಲಿದ್ದವನು ಅದೇ ಬಟ್ಟೆಯಲ್ಲಿ ಬಂದ. ದೇವಿರಮ್ಮ ಆಮೇಲೆ ಕಣ್ಣು ತೆರೆಯಲಿಲ್ಲ. ಮೂರನೆಯ ದಿನ ಹೋಗಿಬಿಟ್ಟಳು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮಹದೇವು ಸ್ವಾಮಿಯ ಪಕ್ಕ ಬಂದು ಕೂತ.

"ಎಲ್ಲಾರ್ಗೂ ಯೋಳಿದ್ರಂತಲ್ಲ ಅಣ್ಣ" ಎಂದ ಮಹದೇವು.

"ಊಂ ಕಣಪ್ಪ. ಬರ್ದೂ ಅಂಟ್ಸಿದ್ದೆ."

"ನಮ್ಮವ್ವ ಆ ಎಲ್ಲಾರ್ನಲ್ಲಿ ಇರ್ನಿಲ್ವ?"

ಮಹದೇವು ಬೈದಿದ್ದರೆ, ಕಾಲರು ಹಿಡಿದಿದ್ದರೆ ಸ್ವಾಮಿಗೆ ಸುಲಭವಾಗುತ್ತಿತ್ತು. ಅವನು ಕೇಳಿದ್ದು ಗೊತ್ತಿಲ್ಲದವನು ಕೇಳುವ ಹಾಗೆ. ದೇವಿರಮ್ಮನ ಸೊಂಟದ ಮೇಲೆ ಕೂತು ನಾಲೆ ನೋಡಿದ ಸ್ವಾಮಿ, ಅವಳು ಬೀಳುವ ಹಿಂದಿನ ಸಂಜೆ ಅವಳ ಹಸುವಿನ ಬಗ್ಗೆ ಮಾತಾಡಿದವನು, ಅವಳಿಗೆ ಹೇಳಲು ಮರೆತೂ ಇರಲಿಲ್ಲ. ಹೇಳಬೇಕಾದವರು ಯಾರು ಯಾರು ಎಂದು ಅವನ ಮನಸ್ಸು ಎಣಿಸಿದಾಗ ಮುಂದಿನ ಸಾಲಿಗೇ ಎಣಿಕೆ ಮುಗಿದಿತ್ತು. ಅದು ಅರ್ಥವಾದಾಗ ಅವನು ಗೋಡೆಗೆ ಮುಖ ಮಾಡಿ ಅತ್ತ.

ಮಣ್ಣಿಗೆ ಹೋಗಿಬಂದ ದಿನ ಅವನು ಊಟ ಮಾಡಲಿಲ್ಲ.

"ನೀನೇನು ತಳ್ಳಿದ್ಯೇನ್ಲಾ ಅವಳ್ನ?" ಎಂದಳು ಚಿಕ್ಕಬೋರಮ್ಮ. "ನಂಗೂ ಒಟ್ಟೆ ಉರೀತದೆ. ನಮ್ಮ ಗದ್ದೇಲಿ ನನ್ ಜತೇಲಿ ನಾಟಿ ಆಕಿದೋಳು. ಅದಕ್ಕೆ ನೀನ್ ಯಾಕೆ ಉಪಾಸ ಕೂತೀಯ?"

"ಜತೇಲಿ ನಾಟಿ ಆಕಿದ್ರಿ. ಆಲು ಮಾತ್ರ ಜತೇಲಿ ಆಕ್ನಿಲ್ಲ ಅಲ್ವಾ ಅವ್ವ?"

"ಅದ್ ನಾನ್ ಮಾಡಿದ್ದಲ್ಲ. ಮೊದ್ಲಿಂದ ಇತ್ತು."

"ಯಾರೂ ಮಾಡಿದ್ದಲ್ಲ" ಎಂದ ಸ್ವಾಮಿ. "ನಾನು ದಿನಾ ಆ ಕಿಟ್ಕಿ ತೆಗ್ದು ಮುಚ್ತಿದ್ದೆ, ಅಷ್ಟೆ. ನಾಳೆ ಪೂರ್ತಿ ಮುಚ್ತೀನಿ."

"ಅಂಗಾರೆ ನಾನು ಆಲು ಆಕಲ್ಲ" ಎಂದಳು ಅವಳು.

ರಾಜೇಂದ್ರನೂ ಕುಗ್ಗಿಹೋಗಿದ್ದ. "ಒಂದ್ ಹಲಗೆ ಅಡ್ಡ ಇಟ್ಟಿದ್ರೆ ಸಾಕಾಗಿತ್ತು ಕಣ್ಲಾ" ಎಂದು ಹೇಳಿದ್ದನ್ನೇ ಹೇಳುತ್ತಿದ್ದ.

"ಹಲಗೆ ಮಾತಲ್ಲ ರಾಜೇಂದ್ರ. ನಿನ್ ಪ್ಲಾನಲ್ಲಿ ಕಿಟ್ಕಿ ಇರ್ನಿಲ್ಲ. ಉಳ್ಸಿದೋನು ನಾನು. ಸುಮ್ಕೆ ಒಪ್ಕೊಂಡೋನು ನೀನು. ಗಾರೆಯೋನ್ನ ಕಳ್ಸು."

ಗಾರೆಯವನು ಬಂದ. ಸ್ವಾಮಿ ತಾನೇ ಕಂಬಿ ಕಿತ್ತುಕೊಟ್ಟು, ಒಂದೊಂದಾಗಿ ಇಟ್ಟಿಗೆ ಎತ್ತಿಕೊಟ್ಟ. ಸಂಜೆ ಕಾಲೊನಿಗೆ ಹೋದ. ಬೀದಿಯ ತುದಿಯಲ್ಲಿ ನಿಂತು ಒಟ್ಟಿಗೆ ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ಹಸುವಿದ್ದ ಪ್ರತಿ ಮನೆಯ ಮುಂದೆ ನಿಂತು, ಹೆಸರು ಹಿಡಿದು ಕರೆದು, ನಾಳೆಯಿಂದ ಮುಂಬಾಗಿಲಿಗೆ ಬನ್ನಿ ಎಂದ. ಕೆಲವರು ತಲೆಯಾಡಿಸಿದರು, ಕೆಲವರು ಹಸುವಿನ ಕಡೆಗೆ ತಿರುಗಿಕೊಂಡರು. ದೇವಿರಮ್ಮನ ಮನೆಯ ಮುಂದೆ ಶೋಭಿತಾ ಹಸುವಿಗೆ ಮೇವು ಹಾಕುತ್ತಿದ್ದಳು. ಅವನು ಹೇಳಿದ್ದನ್ನು ಕೇಳಿಸಿಕೊಂಡು, ಮೇವಿನ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಡೈರಿ ತೆಗೆದಾಗ ಮುಂದಿನ ಸಾಲು ಎಂದಿಗಿಂತ ಚಿಕ್ಕದಾಗಿತ್ತು. ಹಾಕುವುದಿಲ್ಲ ಎಂದಿದ್ದ ಚಿಕ್ಕಬೋರಮ್ಮ ಅಭ್ಯಾಸಬಲವೋ ಏನೋ ಬಂದು ಮೊದಲಿಗಳಾಗಿ ನಿಂತಿದ್ದಳು. ಸ್ವಾಮಿ ಬಾಗಿಲ ಆಚೆ ನೋಡುತ್ತಲೇ ಇದ್ದ. ಕಾಲೊನಿಯಿಂದ ಯಾರೂ ಕಾಣಲಿಲ್ಲ. ಕೊನೆಗೆ ಮಂಜಿನೊಳಗಿಂದ ಶೋಭಿತಾ ಒಬ್ಬಳೇ ಬಂದಳು. ಕೈಯಲ್ಲಿ ದೇವಿರಮ್ಮನ ಕ್ಯಾನು, ಪಕ್ಕ ನೆಗ್ಗಿದ್ದು. ಮೆಟ್ಟಿಲ ಕೆಳಗೆ ಒಂದು ಗಳಿಗೆ ನಿಂತು, ಜಗಲಿ ಹತ್ತಿ ಬಾಗಿಲ ಬಳಿ ಬಂದಳು.

ಸಾಲು ಎರಡಾಗಿ ಸರಿಯಿತು. ಚಿಕ್ಕಬೋರಮ್ಮ ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡು ಮೆಟ್ಟಿಲಿಳಿಯತೊಡಗಿದಳು. ಅವಳ ಹಿಂದೆ ಇಬ್ಬರು ಮೂವರು ತಮ್ಮ ಕ್ಯಾನುಗಳಿಗೆ ಕೈ ಹಾಕಿದರು.

ಶೋಭಿತಾ ಅದನ್ನು ನೋಡುತ್ತಿರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಇನ್ನೂ ಅಂಟಿಕೊಂಡಿದ್ದ ಹಾಳೆಯನ್ನು ನೋಡುತ್ತಿದ್ದಳು. ಅದನ್ನು ಕೀಳಲು ಸ್ವಾಮಿಗೆ ಕೈ ಬಂದಿರಲಿಲ್ಲ. ಎಲ್ಲರ ಗಮನಕ್ಕೆ ಎಂಬಲ್ಲಿಂದ ಕೊನೆಯ ಅಕ್ಷರದವರೆಗೆ ಅವಳು ನಿಧಾನವಾಗಿ ಓದಿದಳು.

"ಇಲ್ಲಿ ಅಂಟ್ಸಿದ್ರಾ ಅಣ್ಣ" ಎಂದಳು. ಆಮೇಲೆ ಬಹಳ ಮೆಲ್ಲಗೆ, "ನಮ್ಮತ್ತೆಗೆ ಓದಕೆ ಬತ್ತಿತ್ತು" ಎಂದಳು.

ಕ್ಯಾನಿಗೆ ಕೈ ಹಾಕಿದ್ದವರು ಕೈ ಹಿಂದಕ್ಕೆ ತೆಗೆದುಕೊಂಡರು. ಕೊನೆಯ ಮೆಟ್ಟಿಲ ಮೇಲಿದ್ದ ಚಿಕ್ಕಬೋರಮ್ಮ ಅಲ್ಲೇ ನಿಂತಳು. ಸ್ವಾಮಿ ಮುಂದೆ ಬಂದು, "ಕೊಡಮ್ಮ" ಎಂದು ಎರಡೂ ಕೈಯಲ್ಲಿ ಆ ಕ್ಯಾನು ಇಸಿದುಕೊಂಡ. ಹಾಲು ಹುಯ್ದ. ಯಂತ್ರ ಚೀಟಿ ಕೊಟ್ಟಿತು, ದೇವಿರಮ್ಮ ಎಂದೇ ಬರೆದು ಕೊಟ್ಟಿತು. ಶೋಭಿತಾ ಅದನ್ನು ಓದಿ, ಮಡಿಸಿ, ಸೆರಗಿನ ತುದಿಗೆ ಕಟ್ಟಿಕೊಂಡಳು.

ಸ್ವಾಮಿ ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಶೋಭಿತಾಳ ಹಿಂದೆ ಅವನ ತಾಯಿ ನಿಂತಿದ್ದಳು. ಕ್ಯಾನು ಕೆಳಗಿಟ್ಟು ನಿಂತಿದ್ದಳು. ಅವಳು ಮಗನ ಮುಖ ನೋಡಲಿಲ್ಲ, ಶೋಭಿತಾಳನ್ನೂ ನೋಡಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ನೋಡುತ್ತಿದ್ದಳು. ಚಿಕ್ಕಬೋರಮ್ಮನಿಗೆ ಓದಲು ಬರುತ್ತಿರಲಿಲ್ಲ.