ದೊಡ್ಡವ್ವನ ಹೆಸರಿನ ಹಾಡು

ಸೋಲಾಪುರದ ಚಾದರ ವ್ಯಾಪಾರಿ ರಾಚಪ್ಪನವರ ಮಗ ಸಾತಲಿಂಗಪ್ಪ ಪುಣೆಗೆ ಕಾಲೇಜು ಕಲಿಯಲು ಹೋಗಿ ಗಿಟಾರಿನ ಬೆನ್ನು ಹತ್ತಿದ. ಮೂವರು ಗೆಳೆಯರೊಂದಿಗೆ ರಾಕ್ ಬ್ಯಾಂಡ್ ಕಟ್ಟಿದ. ೧೯೭೩ರಲ್ಲಿ ಮುಂಬಯಿಯ ಕಂಪನಿಯೊಂದು ಅವರ ರೆಕಾರ್ಡ್ ತರಲು ಒಪ್ಪಿತು. ಆ ಸುದ್ದಿ ಹೇಳಲು ಊರಿಗೆ ಬಂದವನ ಸ್ಕೂಟರ್ ಟಾಂಗಾಕ್ಕೆ ಬಡಿದು ಬಲಗೈ ಮುರಿಯಿತು.

ಪ್ಲಾಸ್ಟರ್ ತೆಗೆದಾಗ ಮಣಿಕಟ್ಟು ಕಟ್ಟಿಗೆಯಂತಾಗಿತ್ತು. "ಎಲುಬು ಕೂಡಿದೆ, ಇನ್ನು ನೀನೇ ಆಡಿಸಬೇಕು" ಎಂದರು ಡಾಕ್ಟರು. ಆಡಿಸಿದರೆ ಜೀವ ಹೋಗುವಷ್ಟು ನೋವು. ಅವನು ಗಿಟಾರನ್ನು ಅಟ್ಟಕ್ಕೆ ಹಾಕಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ನೋಡಲು ಬಂದ ಅವ್ವನ ಅಕ್ಕ ಗುರಮ್ಮ ಅವನನ್ನು ತನ್ನೂರು ನಾಗಣಸೂರಿಗೆ ಕರೆದೊಯ್ದಳು.

ನಸುಕಿನಲ್ಲಿ ಅವನನ್ನು ಬೀಸುಕಲ್ಲಿನ ಮುಂದೆ ಕೂಡಿಸಿ, ಎದುರಿಗೆ ತಾನು ಕೂತಳು.

"ಗೂಟ ಹಿಡಿ. ಜೋರು ನಾ ಹಾಕ್ತೀನಿ, ನೀ ಬರೇ ಕೈ ಇಡು."

"ಭಾಳ ಬ್ಯಾನಿ ಆಗತೈತಿ ದೊಡ್ಡವ್ವ."

"ಅಳು ಬಂದ್ರ ಅಳು. ಇಲ್ಲಿ ನಾವಿಬ್ಬರಽ ಅದೀವಿ."

ಅವನು ಅತ್ತೇಬಿಟ್ಟ. ಒಳಗೆ ಮಲಗಿದವರಿಗೆ ಕೇಳಿಸದಿರಲೆಂದು ಗುರಮ್ಮ ಬೀಸುವ ಪದವನ್ನು ಗಟ್ಟಿಯಾಗಿ ಎತ್ತಿಕೊಂಡಳು. ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತು ಒಂದೇ ಸ್ವರವನ್ನು ಎಳೆದು, ಉಸಿರು ತಗೊಂಡು, ಮತ್ತೆ ಎಳೆಯುವಳು. ದಿನಾ ಹೀಗೇ ನಡೆಯಿತು. ಒಂದು ಮುಂಜಾನೆ ಅವನು ತಲೆ ಎತ್ತಿ ನೋಡಿದರೆ ಗುರಮ್ಮ ಬೊಗಸೆ ತುಂಬ ಜೋಳ ಹಿಡಿದು ನಗುತ್ತಿದ್ದಳು. ಕಲ್ಲನ್ನು ಅವನೊಬ್ಬನೇ ತಿರುವುತ್ತಿದ್ದ.

ಮುಂಬಯಿಯ ಸ್ಟುಡಿಯೋದಲ್ಲಿ ಅವನು ಆ ಪದದ ಧಾಟಿಯನ್ನೇ ಗಿಟಾರಿನ ಮೇಲೆ ಎಳೆದ. ಡ್ರಮ್ಮಿನ ಗೆಳೆಯ ಬೀಸುಕಲ್ಲು ತಿರುಗುವ ಲಯಕ್ಕೆ ಸರಿಯಾಗಿ ಬಡಿತ ಕೂಡಿಸಿದ. ಮಾತಿಲ್ಲದ ಆ ಹಾಡು ಆಲ್ಬಮ್ಮಿನ ಕೊನೆಗೆ ಬಂತು. ಇಂಗ್ಲಿಷ್ ಹೆಸರು ಬೇಕೆಂದು ಗೆಳೆಯರು ಎಷ್ಟು ಹೇಳಿದರೂ ಸಾತಲಿಂಗಪ್ಪ ಜಗ್ಗಲಿಲ್ಲ. 'ಗುರಮ್ಮ' ಎಂದೇ ಇಡಿಸಿದ.

ರೆಕಾರ್ಡ್ ಬಂದೊಡನೆ ದೊಡ್ಡವ್ವನನ್ನು ಅಕ್ಕಲಕೋಟದ ಪೇಟೆಗೆ ಕರೆತಂದ. ರೇಡಿಯೋ ಅಂಗಡಿಯ ಅಮೃತಪ್ಪ ಸೂಜಿ ಇಟ್ಟ. ತಲೆಯ ಮೇಲೆ ಸೆರಗು ಹೊದ್ದು ಬೆಂಚಿನ ಮೇಲೆ ಕೂತಿದ್ದ ಗುರಮ್ಮ ಮೊದಲು ಗದ್ದಲಕ್ಕೆ ಬೆಚ್ಚಿದಳು. ಆಮೇಲೆ ಅವಳ ತಲೆ ಮೆಲ್ಲಗೆ ತೂಗತೊಡಗಿತು.

"ಇದು ನನ್ನ ಪದ ಅಲ್ಲೇನೋ?"

"ಹೌದು ದೊಡ್ಡವ್ವ. ಹೆಸರೂ ನಿಂದಽ ಇಟ್ಟೀನಿ."

"ನಂದ್ಯಾಕೋ? ನಾ ಏನ ಮಾಡೀನಿ?"

ಅವನು ಅಂಗಡಿ ತುಂಬ ಮಂದಿ ಇರುವುದನ್ನೂ ನೋಡದೆ ಬಗ್ಗಿ ಅವಳ ಕಾಲಿಗೆ ಹಣೆ ಹಚ್ಚಿದ.

ಹೆಸರಿನ ಮಾತನ್ನು ಗುರಮ್ಮ ಅಲ್ಲಿಗೇ ಬಿಟ್ಟಳು. ಅಮೃತಪ್ಪನ ಕಡೆಗೂ, ಬಾಗಿಲಲ್ಲಿ ನಿಂತ ಮಂದಿಯ ಕಡೆಗೂ ತಿರುಗಿ, "ನಮ್ಮ ತಂಗಿ ಮಗ ಬಾರಸಾಕತ್ತಾನ, ಕೇಳ್ರಿ. ಕೈ ಪೂರಾ ಚಲೋ ಆಗೇತಿ!" ಎಂದು ಸಾರಿದಳು.

ರೆಕಾರ್ಡ್ ಅಷ್ಟೇನೂ ಓಡಲಿಲ್ಲ, ಬ್ಯಾಂಡೂ ಚದುರಿತು. ಸಾತಲಿಂಗಪ್ಪ ಅಪ್ಪನ ಅಂಗಡಿಯಲ್ಲಿ ಕೂತ. ಸಂಜೆಗೆ ಗಿಟಾರ್ ಮಾತ್ರ ತಪ್ಪಲಿಲ್ಲ. ಯಾರಾದರೂ ಆ ಹಾಡು ನೆನೆಸಿ ಹೊಗಳಿದರೆ, "ಬಾರಸಿದಾಂವ ಅಷ್ಟಽ ನಾ. ಹಾಡು ನಮ್ಮ ದೊಡ್ಡವ್ವಂದ್ರಿ" ಎನ್ನುತ್ತಿದ್ದ.