ಭಾವವಿರೇಚನಕ್ಕೆ ಕಂಪೌಂಡರ್ ಹೇಳಿದ ಅರ್ಥ

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಮಗಳಿಗೆ ಎಂದೂ ಹೇಳುವುದಿಲ್ಲ ಎಂದು ಕಂಪೌಂಡರ್ ಹೆಂಡತಿಗೆ ಮಾತು ಕೊಟ್ಟಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಹೆಂಡತಿ ಸುಮ್ಮನೆ ಕೇಳಿ ಪಡೆದ ಮಾತಲ್ಲ ಅದು. ಹೆಂಡತಿಯ ಅಪ್ಪನಿಗೆ ಗೊತ್ತಿಲ್ಲದ ವಿಷಯವೇ ಲೋಕದಲ್ಲಿರಲಿಲ್ಲ. ತಿಮಿಂಗಿಲ ಮೊಟ್ಟೆ ಇಡುತ್ತದೆ ಎಂದು ಅವನು ಹೇಳಿಕೊಟ್ಟದ್ದನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿ, ಶಾಲೆ ಬಿಡುವವರೆಗೂ ಅವಳು ‘ಮೊಟ್ಟೆ’ ಎಂದೇ ಕರೆಸಿಕೊಂಡಿದ್ದಳು.

ಹದಿನಾರು ವರ್ಷ ಆ ಮಾತು ನಡೆಯಿತು. ಮಗಳು ನಕ್ಷತ್ರದ ದೂರ ಕೇಳಿದಳು, ಇರುವೆಗೆ ಮೂಗಿದೆಯೇ ಎಂದು ಕೇಳಿದಳು. ‘ಗೊತ್ತಿಲ್ಲಮ್ಮ’ ಎಂದು ಹೇಳಿ ಹೇಳಿ ಕಂಪೌಂಡರನ ನಾಲಿಗೆ ಸವೆದಿತ್ತು. ಮಗಳ ಕಣ್ಣಲ್ಲಿ ಅಪ್ಪ ಒಳ್ಳೆಯವನು, ಏನೂ ತಿಳಿಯದವನು. ಇಷ್ಟು ಮಾತ್ರ ಅವನಿಗೆ ಚೆನ್ನಾಗಿ ತಿಳಿದಿತ್ತು.

ಈಗ ಅವಳಿಗೆ ನಾಟಕದ ಪಾಠ. ತಾನೇ ಹೊರಡಿಸಿದ ಆಜ್ಞೆಗೆ ಕಟ್ಟುಬಿದ್ದು, ಕೋಟೆಯ ಹೊರಗೆ ಉಳಿದ ಸ್ವಂತ ಮಗನಿಗೂ ಬಾಗಿಲು ತೆರೆಯದ ರಾಜನೊಬ್ಬನ ಹಳೆಯ ದುರಂತ. ಕಥೆ ಅವಳಿಗೆ ಬಾಯಿಪಾಠ. ಮೇಡಂ ಕೊಟ್ಟ ನಾಟಕಶಾಸ್ತ್ರದ ಪದಗಳು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಆಗಲೇ ಮುಗ್ಗರಿಸಿದ್ದಳು. ಶುಕ್ರವಾರದ ಮೌಖಿಕ ಪರೀಕ್ಷೆಯೂ ಕೈಕೊಟ್ಟರೆ ವರ್ಷವೇ ಹೋದಂತೆ.

ಗುರುವಾರ ಸಂಜೆ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ, ಖಾಲಿ ಪೆಟ್ಟಿಗೆಯ ಮೇಲೆ ಕೂತು ಅವಳು ಪಟ್ಟಿ ಓದುತ್ತಿದ್ದಳು. ಅಪ್ಪ ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುತ್ತಿದ್ದ.

“ಸ್ವಗತ. ಪಾತ್ರ ತನ್ನಷ್ಟಕ್ಕೆ ತಾನೇ ಮಾತಾಡ್ಕೊಳ್ಳೋದು.”

“ಅಗೋ, ಮೂರನೇ ಬೆಂಚಿನ ತಾತ. ಮಧ್ಯಾಹ್ನದಿಂದ ಅದೇ ನಡೀತಿದೆ.”

“ನಾಟಕೀಯ ವ್ಯಂಗ್ಯ. ನೋಡೋರಿಗೆ ಗೊತ್ತಿರೋದು ಪಾತ್ರಕ್ಕೆ ಗೊತ್ತಿರಲ್ಲ.”

“ಡಾಕ್ಟರು ಹಿಂದಿನ ಬಾಗಿಲಿಂದ ಮನೆಗೆ ಹೋಗಿ ಅರ್ಧ ಗಂಟೆ ಆಯ್ತು. ಸಾಲಲ್ಲಿ ನಿಂತೋರಿಗೆ ಗೊತ್ತಿಲ್ಲ.”

“ಜನಾಂತಿಕ. ಎದುರಿಗಿರೋರಿಗೆ ಕೇಳಿಸದ ಹಾಗೆ ಇನ್ನೊಬ್ಬರ ಹತ್ರ ಹೇಳೋದು.”

ಕಿಟಕಿಯಲ್ಲಿ ದಪ್ಪ ಮೀಸೆಯವನೊಬ್ಬ ಕೆಮ್ಮಿನ ಔಷಧಿ ಇನ್ನೊಂದು ಬಾಟಲಿ ಬೇಕೆಂದ. ಕಂಪೌಂಡರ್ ಅಂಗೈ ಅಡ್ಡ ಹಿಡಿದು ಮಗಳತ್ತ ವಾಲಿದ. “ಇವನಿಗೆ ಕೆಮ್ಮೂ ಇಲ್ಲ ಗಿಮ್ಮೂ ಇಲ್ಲ. ಸಿಹಿ ಅಂತ ಕುಡೀತಾನೆ. ಇದೇ ತಾನೇ ಜನಾಂತಿಕ?”

ಮಗಳು ನಕ್ಕಳು. “ಅಪ್ಪ, ನಿನಗೆ ಎಲ್ಲಾ ಎಷ್ಟು ಚೆನ್ನಾಗಿ ಗೊತ್ತು.”

ಹದಿನಾರು ವರ್ಷದಲ್ಲಿ ಕಿವಿಗೆ ಬೀಳದ ಮಾತು. ಹಾಗೆ ಹೊಗಳಿದರೆ ಯಾರ ಕಾಲು ತಾನೇ ನೆಲದ ಮೇಲೆ ನಿಂತೀತು?

“ಇದೊಂದು ಉಳೀತು. ಭಾವವಿರೇಚನ. ಇದನ್ನ ಹೇಳ್ಕೊಟ್ಟ ದಿನ ನಾನು ಹೋಗಿರಲಿಲ್ಲ.”

“ವಿರೇಚನವಾ? ಅದು ನಮ್ಮ ಕಪಾಟಿನ ಮಾಲು.” ಕಂಪೌಂಡರ್ ಕೆಳಗಿನ ಸಾಲಿನಿಂದ ಹರಳೆಣ್ಣೆಯ ಬಾಟಲಿ ತೆಗೆದು ಮುಂದಿಟ್ಟ. “ಭೇದಿ ಮಾಡಿಸೋದು. ಹೊಟ್ಟೆ ತೊಳೆಯೋದು.”

“ಅದು ನಾಟಕದಲ್ಲಿ ಯಾಕೆ ಬರುತ್ತೆ?”

‘ಗೊತ್ತಿಲ್ಲಮ್ಮ’ ನಾಲಿಗೆಯ ತುದಿಗೆ ಬಂದಿತ್ತು. ಮಗಳು ಪೆನ್ನು ಹಿಡಿದು ಮುಖ ನೋಡುತ್ತಿದ್ದಳು.

“ಆ ರಾಜನಿಗೆ ಯಾರೋ ವಿಷ ಕೊಟ್ಟಿರಬೇಕು.”

ಅಪ್ಪನಿಗೆ ಎಲ್ಲಾ ಗೊತ್ತು ಎಂಬ ಗುಂಗಿನಲ್ಲೇ ಮಗಳು ಬರೆದುಕೊಂಡಳು. ‘ಕೊಟ್ಟಿದ್ದರು’ ಎನ್ನಲಿಲ್ಲವಲ್ಲ, ‘ಕೊಟ್ಟಿರಬೇಕು’ ಎಂದೆನಲ್ಲ, ಮಾತು ಉಳಿಯಿತು ಎಂದು ಅವನು ಸಮಾಧಾನ ಮಾಡಿಕೊಂಡ.

ಮರುದಿನ ಮಗಳು ಕಾಲೇಜಿಗೆ ಹೊರಟುಹೋದ ಮೇಲೆ ಹೆಂಡತಿ ಚಹಾದ ಲೋಟ ತಂದಿಟ್ಟು ಎದುರಿಗೇ ಕೂತಳು.

“ರೀ, ಹುಡುಗಿ ವಿಷ ವಿಷ ಅಂತ ಉರು ಹೊಡೀತಾ ಹೋದ್ಲು. ವಾರದಿಂದ ಅವಳು ಗಟ್ಟಿಯಾಗಿ ಓದೋದನ್ನ ನಾನೂ ಕೇಳಿದೀನಿ. ಅದರಲ್ಲಿ ವಿಷ ಎಲ್ಲಿದೆ?”

“ಇರಬೇಕು.”

“ತಿಮಿಂಗಿಲದ ಮೊಟ್ಟೆ ನಿಮಗೂ ಸಿಕ್ತಾ?”

ಚಹಾ ಅಲ್ಲೇ ಉಳಿಯಿತು. ಬಿಳಿ ಕೋಟಿನಲ್ಲೇ ಅವನು ಕಾಲೇಜಿಗೆ ಓಡಿದ. ಚಪ್ಪಲಿ ಮೆಟ್ಟಿ ಹೆಂಡತಿಯೂ ಹಿಂದೆಯೇ ಹೊರಟಳು. ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಮಗಳು ಪರೀಕ್ಷೆಯ ಕೋಣೆಯಿಂದ ಹೊರಗೆ ಬರುತ್ತಿದ್ದಳು.

“ಏನಂತ ಹೇಳ್ದೆ?”

“ಹೊಟ್ಟೆ ತೊಳೆಯೋದು ಅಂದೆ. ಮೇಡಂ ನಕ್ಕುಬಿಟ್ರು. ಯಾರ ಹೊಟ್ಟೇನಮ್ಮ ಅಂದ್ರು. ರಾಜಂದು ಅನ್ನೋಕೆ ಬಾಯಿ ತೆಗೆದೆ, ಅವನಿಗೆ ಯಾರೂ ವಿಷ ಕೊಟ್ಟೇ ಇಲ್ವಲ್ಲ ಅಂತ ಹೊಳೀತು. ಬಾಗಿಲ ಹೊರಗೆ ಮಗ ಸಾಯೋ ಕಡೆ ನಾನು ಅತ್ತೂ ಅತ್ತೂ ಆಮೇಲೆ ಹಗುರ ಆಗಿದ್ದೆ. ಅದು ನೆನಪಾಯ್ತು. ನೋಡೋರದ್ದು ಅಂದೆ. ಒಳಗೆ ಕಟ್ಕೊಂಡಿರೋ ಅಳು, ಭಯ ಎಲ್ಲಾ ಹೊರಗೆ ಹೋಗುತ್ತೆ ಅಂದೆ.”

“ಆಮೇಲೆ?”

“ಪಾಸು. ಈ ಪದಾನ ಬಿಡಿಸಿ ಹೇಳಿದವಳು ನಾನೊಬ್ಬಳೇ ಅಂತೆ.” ಮಗಳು ಕಣ್ಣು ಕಿರಿದು ಮಾಡಿ ಅವನ ಮುಖ ನೋಡಿದಳು. “ಅಪ್ಪ, ನಿನಗೆ ಗೊತ್ತಿತ್ತು, ಅಲ್ವಾ? ನಾನೇ ಕಂಡುಕೊಳ್ಳಲಿ ಅಂತ ಬೇಕಂತಲೇ ವಿಷದ ಕಥೆ ಕಟ್ಟಿದೆ.”

ಹೆಂಡತಿ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ನಿಂತಿದ್ದಳು. ಅವನ ಬಾಯನ್ನೇ ನೋಡುತ್ತಿದ್ದಳು. ‘ಇರಬೇಕು’ ಎಂಬುದನ್ನು ಸೇರಿಸಲು ಈ ಸಲ ಜಾಗವಿರಲಿಲ್ಲ.

“ಗೊತ್ತಿತ್ತು,” ಎಂದ ಕಂಪೌಂಡರ್.

ಹೆಂಡತಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.